ಚಾಳೀಸು ತೆಗೆದಿಟ್ಟ ದಿನ

ಬೆಳಗಾವಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ನಾನೂ ನನ್ನ ಗೆಳತಿಯೂ ಒಂದೇ ಜಮಖಾನದ ಮೇಲೆ ಪಕ್ಕಪಕ್ಕ ಕೂರುತ್ತಿದ್ದೆವು. ಕಲಿಸುವ ಬಾಯಿಯವರು ಕರಿಹಲಗೆಯ ಮೇಲೆ ಬರೆದದ್ದು ನನಗೆ ಬಿಳಿ ಹೊಗೆಯಂತೆ ಕಾಣುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ, ಆದರೆ ಉಳಿದವರು ಜಾಣರು, ಹೊಗೆಯಲ್ಲೂ ಓದುತ್ತಾರೆ ಎಂದು ನಾನು ತಿಳಿದಿದ್ದೆ. ಗೆಳತಿ ಒಂದೊಂದೇ ಸಾಲನ್ನು ನನ್ನ ಕಿವಿಯಲ್ಲಿ ಪಿಸುಗುಡುತ್ತಿದ್ದಳು, ನಾನು ಪಾಟಿಯ ಮೇಲೆ ಬರೆದುಕೊಳ್ಳುತ್ತಿದ್ದೆ. ದಾರಿಯಲ್ಲಿ ಟಾಂಗಾ ಬಂದರೆ ಕೈ ಹಿಡಿದು ಎಳೆಯುತ್ತಿದ್ದಳು. ಎದುರು ಬರುತ್ತಿರುವವರು ಯಾರು, ನಗುತ್ತಿದ್ದಾರೋ ಸಿಟ್ಟಿನಲ್ಲಿದ್ದಾರೋ, ಎಲ್ಲ ಅವಳೇ ಹೇಳಬೇಕು. ಹೇಳುವುದು ಅವಳಿಗೂ ಸೇರುತ್ತಿತ್ತು.

ಅವಳಿಗೆ ತಂದೆ ಇರಲಿಲ್ಲ. ತಾಯಿಯೊಂದಿಗೆ ರವಿವಾರ ಪೇಟೆಯ ಬೆಲ್ಲದ ಅಂಗಡಿಗಳ ಹಿಂದೆ ಸೋದರಮಾವನ ಮನೆಯಲ್ಲಿ ಇದ್ದಳು. ನಮ್ಮ ಮನೆ ಖಾನಾಪುರದಲ್ಲಿ. ಅಪ್ಪ ಅಲ್ಲಿನ ಕಟ್ಟಿಗೆಯ ಡಿಪೋದಲ್ಲಿ ಕಾರಕೂನರಾಗಿದ್ದರು. ಹೆಣ್ಣುಮಕ್ಕಳಿಗೆ ಅಲ್ಲಿ ಮುಂದೆ ಓದಲು ಅನುಕೂಲವಿಲ್ಲವೆಂದು ನನ್ನನ್ನು ಬೆಳಗಾವಿಯಲ್ಲಿ ಮಾವಶಿಯ ಮನೆಯಲ್ಲಿ, ಅಂದರೆ ಅವ್ವನ ತಂಗಿಯ ಮನೆಯಲ್ಲಿ, ಬಿಟ್ಟಿದ್ದರು. ಅವ್ವನಿಗೆ ಇದು ಮನಸ್ಸಿರಲಿಲ್ಲ. ಅಪ್ಪನ ಹಟದಿಂದ ಆದದ್ದು.

ನನ್ನ ಕಣ್ಣಿನ ಸಂಗತಿಯನ್ನು ಕಂಡುಹಿಡಿದವರೂ ಅಪ್ಪನೇ. ಸಾಲೆಯ ಸೂಟಿಯಲ್ಲಿ ಒಮ್ಮೆ ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಹೋಗಿದ್ದೆವು. ಆಚೆ ದಂಡೆಯಲ್ಲಿ ಎಮ್ಮೆಯ ಬೆನ್ನ ಮೇಲೆ ಕೂತ ಬೆಳ್ಳಕ್ಕಿಯನ್ನು ತೋರಿಸಿದರು. ಎಮ್ಮೆ ಎಲ್ಲಿದೆ ಎಂದು ನಾನು ಕೇಳಿದೆ. ಮರುವಾರವೇ ಬೆಳಗಾವಿಯ ಕ್ಯಾಂಪಿನಲ್ಲಿ ಒಬ್ಬ ಗೋರಾ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಪುಣೆಯಿಂದ ಚಾಳೀಸು ತರಿಸಲಾಯಿತು. ಉಕ್ಕಿನ ಕಟ್ಟು, ದುಂಡನೆಯ ಗಾಜು.

ಅದನ್ನು ಹಾಕಿಕೊಂಡು ಟಾಂಗಾದಲ್ಲಿ ಮನೆಗೆ ಬರುವಾಗ ನಾನು ಅಳುತ್ತಿದ್ದೆ. ಹುಣಸೇ ಗಿಡಕ್ಕೆ ಎಲೆಗಳು ಬಿಡಿಬಿಡಿಯಾಗಿ ಇದ್ದವು. ಮನೆಗಳ ಮೇಲೆ ಹಂಚುಗಳು ಸಾಲಾಗಿ ಕೂತಿದ್ದವು. ಮಾವಶಿ ಬಾಗಿಲಲ್ಲಿ ನಿಂತಿದ್ದಳು, ಅವಳ ಮುಖದ ತುಂಬ ಮೈಲಿಬೇನೆಯ ಕಲೆಗಳಿದ್ದವು. ಇಷ್ಟು ದಿನ ಅವಳ ಕೈಯ ಅನ್ನ ಉಂಡರೂ ಅದು ನನಗೆ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಚಾಳೀಸೆಂದರೆ ಮುದುಕರದು, ಇಲ್ಲವೆ ವಕೀಲರದು. ಲಂಗ ಉಟ್ಟ ಹುಡುಗಿಯ ಮೂಗಿನ ಮೇಲೆ ಅದನ್ನು ಯಾರೂ ಕಂಡಿರಲಿಲ್ಲ. ಓಣಿಯ ಹೆಂಗಸರು ನನ್ನನ್ನು ನೋಡಲೆಂದೇ ಕಟ್ಟೆಗೆ ಬಂದರು. ಸಾಲೆಯ ಹುಡುಗಿಯರು ಅಜ್ಜಿ ಎಂದು ಹೆಸರಿಟ್ಟರು, ಆಟಕ್ಕೆ ಕರೆಯುವುದನ್ನು ಬಿಟ್ಟರು. ಗಾಜು ಒಡೆದರೆ ತಮ್ಮ ಮೇಲೆ ಬರುತ್ತದೆಂದು ಅವರ ಅವ್ವಂದಿರು ಹೇಳಿ ಕಳಿಸಿದ್ದರಂತೆ. ಗೆಳತಿ ಮಾತ್ರ ಅದನ್ನು ಕೇಳಿ ಇಸಿದುಕೊಂಡು ತನ್ನ ಕಣ್ಣಿಗೆ ಹಾಕಿಕೊಂಡಳು. ತಲೆ ತಿರುಗುತ್ತದೆ, ಏನೂ ಕಾಣುವುದಿಲ್ಲ ಎಂದು ಕೂಡಲೇ ತೆಗೆದು ಕೊಟ್ಟಳು. ಮರುದಿನ ಬಾಯಿಯವರು ಹಲಗೆಯ ಮೇಲೆ ಬರೆಯುತ್ತಿದ್ದಂತೆ ಅವಳು ರೂಢಿಯಂತೆ ನನ್ನ ಕಿವಿಯ ಹತ್ತಿರ ಬಾಗಿದಳು. ನನಗೆ ಈಗ ಕಾಣುತ್ತದೆ ಎಂದು ನಾನು ಸಂತೋಷದಿಂದ ಹೇಳಿದೆ. ಅವಳು ಸರಿದು ಕೂತಳು.

ಆ ವರ್ಷ ಡಿಪೋದ ಕೆಲಸದ ಮೇಲೆ ಹೋಗುವಾಗ ಅಪ್ಪ ನನ್ನನ್ನು ರೈಲಿನಲ್ಲಿ ಕ್ಯಾಸಲ್‌ರಾಕ್ ದಾಟಿ ಘಟ್ಟದ ಕೆಳಗಿನ ತನಕ ಕರೆದುಕೊಂಡು ಹೋದರು. ರೈಲು ನುಗ್ಗಿ ಹೋಗುವ ಬೊಗದೆಗಳು, ಕೆಳಗೆ ಕಾಣುವ ಕಂದರ, ಬಂಡೆಯ ಮೇಲಿಂದ ಇಳಿಯುವ ನೀರು, ಎಲ್ಲವನ್ನೂ ಕಿಟಕಿಗೆ ಮುಖ ಹಚ್ಚಿ ನೋಡಿದೆ. ನಮ್ಮ ವರ್ಗದಲ್ಲಿ ಧಾರವಾಡದ ಆಚೆ ಹೋದವರು ಯಾರೂ ಇರಲಿಲ್ಲ. ಬಂದ ಮೇಲೆ ಗೆಳತಿಗೆ ಒಂದೂ ಬಿಡದೆ ಹೇಳಿದೆ. ಹಿಂದೆ ಅವಳು ನನಗೆ ಹೇಳುತ್ತಿದ್ದಳು, ಈಗ ನಾನು ಅವಳಿಗೆ. ಕೇಳಿ ಮುಗಿಸಿ, "ಈಗ ನೀನs ಎಲ್ಲಾ ನೋಡ್ತಿ" ಎಂದಳು. ಹೊಗಳಿಕೆ ಎಂದುಕೊಂಡೆ.

ನಾನು ಏಳನೆಯ ವರ್ಗದ ಮುಲ್ಕಿ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ, ಬೆಳಗಾವಿಗೆ ಅಂಟಿಕೊಂಡ ಶಹಾಪುರದ ಒಂದು ಮನೆತನದವರು ಕನ್ಯಾ ನೋಡಲು ಖಾನಾಪುರಕ್ಕೆ ಬರುವುದೆಂದು ಗೊತ್ತಾಯಿತು. ಹುಡುಗ ಪುಣೆಯಲ್ಲಿ ಕಾಯದೆ ಓದುತ್ತಿದ್ದ. ಚಾಳೀಸಿನ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅವ್ವ ಮೊದಲಿನಿಂದ ಹೇಳುತ್ತಿದ್ದಳು. ಅಪ್ಪ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಅವರು ಬಂದವರಿಗೆಲ್ಲ ನನ್ನನ್ನು ತೋರಿಸಿ, ಇವಳು ದೂರದ ಹಲಗೆಯ ಬರಹವನ್ನೂ ಓದುತ್ತಾಳೆ ಎಂದು ಹೆಮ್ಮೆಪಡುವವರು. ಆದರೆ ಆ ದಿನ ಮುಂಜಾನೆ ನಾನು ಸೀರೆ ಉಟ್ಟು ಹೊರಗೆ ಬಂದಾಗ ಅವರೇ ಕೈ ಚಾಚಿದರು.

"ತಾಸಿನ ಮಾತು ಅಷ್ಟ. ಇಲ್ಲೆ ಕೊಡು" ಎಂದರು.

ನಾನು ಹಾಕಿಕೊಂಡೇ ಬರುತ್ತೇನೆ, ಬೇಕಾದರೆ ನಾನೇ ಅವರಿಗೆ ಹೇಳುತ್ತೇನೆ ಎಂದೆ. ಅಂಥದೆಲ್ಲ ಲಗ್ನವಾದ ಮೇಲೆ ಹೇಳಿದರಾಯಿತು ಎಂದರು. ನನ್ನ ಮುಖದಿಂದ ಅದನ್ನು ತಾವೇ ತೆಗೆದು ಕೋಟಿನ ಕಿಸೆಗೆ ಹಾಕಿಕೊಂಡರು. ಅಪ್ಪನ ಮುಖ ಅಲ್ಲೇ ಮಸುಕಾಯಿತು.

ಗೆಳತಿ ಮಾವಶಿಯ ಜೊತೆ ಹಿಂದಿನ ದಿನವೇ ರೈಲಿನಲ್ಲಿ ಬಂದಿದ್ದಳು. ನಾನು ಎಡವದ ಹಾಗೆ ನೋಡಿಕೊಳ್ಳುವುದು ಅವಳ ಪಾಲಿಗೆ ಬಂದಿತ್ತು. ನನಗೆ ಅದು ಧೈರ್ಯ. ಯಾರ ಕೈ ಹಿಡಿದು ಬೆಳಗಾವಿಯ ರಸ್ತೆಗಳನ್ನು ದಾಟಿದ್ದೆನೋ ಅವಳೇ ಪಡಸಾಲೆಯನ್ನೂ ದಾಟಿಸುತ್ತಾಳೆ ಎಂದುಕೊಂಡೆ. ಬೀಗರಾಗುವವರು ಬಂದು ಕೂತ ಮೇಲೆ ಅವಳು ಬಾಗಿಲಿನ ಸಂದಿಯಿಂದ ನೋಡಿ ಅಡಿಗೆಮನೆಗೆ ಬಂದಳು. ಗಂಡಸರು ಬಲಕ್ಕೆ ಗಾದಿಯ ಮೇಲೆ, ಹೆಂಗಸರು ಎಡಕ್ಕೆ ಎಂದಳು. ಆಮೇಲೆ ನನ್ನ ಕೈಗೆ ಅರಿಷಿಣ ಕುಂಕುಮದ ಬಟ್ಟಲುಗಳ ತಾಟು ಕೊಟ್ಟು, "ಕಂಬದ ಬಾಜೂಕ ಕೆಂಪ ಸೀರಿ ಉಟ್ಟಾಕಿ ಹುಡುಗನ ತಾಯಿ. ಮದಲ ಆಕಿಗೆ ಕುಂಕುಮಾ ಹಚ್ಚು" ಎಂದಳು.

ನಾನು ಹೋದೆ. ಗಾದಿಯ ಕಡೆ ಬಿಳಿ, ಎಡಗಡೆ ಹಸಿರು, ನೀಲಿ, ಕಂಬದ ಹತ್ತಿರ ಕೆಂಪು. ಕೆಂಪಿನ ಮುಂದೆ ಮೊಣಕಾಲೂರಿ ಕೂತು, ಬೆರಳಿಗೆ ಕುಂಕುಮ ತೆಗೆದುಕೊಂಡು ಕೈ ಎತ್ತಿದೆ. ಗೇಣು ದೂರದೊಳಗಿನದು ಮಾತ್ರ ನನಗೆ ಚೆನ್ನಾಗಿ ಕಾಣುತ್ತದೆ. ಬೆರಳು ಹಣೆಯ ಸಮೀಪ ಹೋದಾಗ ಆ ಹಣೆ ಬೋಳಾಗಿರುವುದು ಕಂಡಿತು. ಸೆರಗಿನ ಅಂಚಿನ ಕೆಳಗೆ ಬೋಳಿಸಿದ ತಲೆ ಕಂಡಿತು. ಅದು ವಿಧವೆಯರು ಉಡುವ ಕೆಂಪು ಸೀರೆ. ಆಕೆ ಹುಡುಗನ ಸೋದರತ್ತೆ. ಅವನನ್ನು ಬೆಳೆಸಿದವಳು ತಾನು, ಕನ್ಯಾ ನೋಡದೆ ಇರುವುದಿಲ್ಲ ಎಂದು ಹಟ ಹಿಡಿದು ಬಂದಿದ್ದಳಂತೆ. ಶುಭಕಾರ್ಯದಲ್ಲಿ ಮುಂದೆ ಬರಬಾರದೆಂದು ಕಂಬದ ಮರೆಗೆ ಕೂತಿದ್ದಳು.

ಯಾರೋ ಉಸಿರೆಳೆದುಕೊಂಡರು. ಆ ಅತ್ತೆ ಮಾತ್ರ ನನ್ನ ಮಣಿಕಟ್ಟನ್ನು ಮೆತ್ತಗೆ ಹಿಡಿದು ಕೆಳಗಿಳಿಸಿದಳು.

"ಕಣ್ಣು ಕಾಣಂಗಿಲ್ಲೇನು ಮಗಾ?" ಎಂದಳು.

ಕರುಣೆಯಿಂದಲೇ ಕೇಳಿದಳು, ದನಿ ಏರಿಸಲಿಲ್ಲ. ಆದರೆ ಪಡಸಾಲೆಯಲ್ಲಿ ಬೇರೆ ಸದ್ದೇ ಇರಲಿಲ್ಲ, ಎಲ್ಲರಿಗೂ ಕೇಳಿಸಿತು. ಹಸಿರು ಸೀರೆಯ ಹೆಂಗಸು ಎದ್ದು ನಿಂತಳು. ಅವಳೇ ಹುಡುಗನ ತಾಯಿ. ಬಂದವರು ಮರ್ಯಾದೆಗೆ ಅವಲಕ್ಕಿ ತಿಂದು, ಚಹಾ ಕುಡಿದು, ಆಮೇಲೆ ತಿಳಿಸುತ್ತೇವೆಂದು ಹೇಳಿ ಹೋದರು. ಅಲ್ಲಿಯ ತನಕ ಅವರಿಗೆ ಎಲೆ ಅಡಿಕೆ ಕೊಟ್ಟು ಉಪಚಾರ ಮಾಡಿದವಳು ನನ್ನ ಗೆಳತಿ.

ಅವರು ಹೋದ ಮೇಲೆ ಅಪ್ಪ ಅಡಿಗೆಮನೆಯ ಬಾಗಿಲಿಗೆ ಬಂದು, ನೋಡಿಕೊಂಡು ಮಾಡಬಾರದಿತ್ತೇ ಎಂದು ನನ್ನನ್ನು ಕೇಳಿದರು. ಚಾಳೀಸು ಇನ್ನೂ ಅವರ ಕಿಸೆಯಲ್ಲಿತ್ತು. ಗೆಳತಿ ನನ್ನನ್ನು ತಬ್ಬಿಕೊಂಡು ನನಗಿಂತ ಹೆಚ್ಚು ಅತ್ತಳು. ಪಡಸಾಲೆಯಲ್ಲಿ ಬೆಳಕು ಕಡಿಮೆ ಇತ್ತು, ತನಗೂ ತಿಳಿಯಲಿಲ್ಲ ಎಂದಳು. ಅವಳನ್ನು ಸಮಾಧಾನ ಮಾಡಿದವಳು ನಾನು.

ಮಳೆಗಾಲ ಕಳೆದು ನಾನು ಮಾವಶಿಯ ಮನೆಗೆ ಹೋದಾಗ ಗೆಳತಿ ಒಮ್ಮೆಯೂ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡೆ. ಒಂದು ದಿನ ಅಕ್ಕಿ ಆರಿಸುತ್ತ ಕೂತಿದ್ದಾಗ ಮಾವಶಿ ತಲೆ ಎತ್ತದೆ ಹೇಳಿದಳು: ಶಹಾಪುರದವರು ಅವಳನ್ನು ಕೇಳಿಕೊಂಡು ಬಂದಿದ್ದರು, ನಿಶ್ಚಯ ಆಗಿಹೋಗಿದೆ. ಖಾನಾಪುರದಲ್ಲಿ ಎಲೆ ಅಡಿಕೆ ಕೊಟ್ಟ ಹುಡುಗಿ ಯಾರೆಂದು ಹುಡುಗನ ತಾಯಿ ಅಂದೇ ವಿಚಾರಿಸಿದ್ದಳಂತೆ. ಓಣಿಗೆಲ್ಲ ಗೊತ್ತಿತ್ತು. ನನ್ನ ಮುಂದೆ ಯಾರೂ ಆಡಿರಲಿಲ್ಲ.

ನಾನು ಆ ಸಂಜೆಯೇ ರವಿವಾರ ಪೇಟೆಗೆ ಹೋದೆ. ಅವಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಲಗ್ನದ ಸುದ್ದಿ ನಾನು ಎತ್ತಲಿಲ್ಲ. ನನಗೆ ಬೇಕಾಗಿದ್ದುದು ಒಂದೇ. ಆ ಕೆಂಪು ಸೀರೆ ಯಾರದೆಂದು ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಅವಳು ಸುಳ್ಳು ಹೇಳಬಹುದಿತ್ತು, ನಾನು ಆಗಲೂ ನಂಬುತ್ತಿದ್ದೆ.

"ಗೊತ್ತಿತ್ತು" ಎಂದಳು. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದಳು, ಅದರಲ್ಲಿ ನೀರೇ ಉಳಿದಿರಲಿಲ್ಲ. "ಆ ಮನಿ ನಾ ಬೇಡಿಲ್ಲ. ಅವರs ಕೇಳ್ಕೊಂಡ ಬಂದ್ರು. ಅವತ್ತ ನನಗ ಅಷ್ಟs ಬೇಕಾಗಿತ್ತು, ಒಮ್ಮೆ ನೀ ಎಲ್ಲಾರ ಮುಂದ ಬೀಳಬೇಕು. ನಿನಗ ಚಾಳೀಸು ಬಂತು, ರೈಲು ಬಂತು, ನಿಮ್ಮಪ್ಪ ಇದ್ರು. ನನಗ ನೀ ಒಬ್ಬಾಕಿ ಇದ್ದಿ, ನೀನೂ ನನ್ನ ಬ್ಯಾಡ ಅಂದಿ."

ಬೇಡ ಎಂದು ನಾನು ಎಂದೂ ಅಂದಿರಲಿಲ್ಲ. ಅದನ್ನು ಹೇಳಿದೆ. ತಾಯಿ ಒಳಗಿನಿಂದ ಕರೆದಳೆಂದು ಹೇಳಿ ಅವಳು ಹೋದಳು. ಯಾರೂ ಕರೆದದ್ದು ನನಗೆ ಕೇಳಿರಲಿಲ್ಲ.

ಲಗ್ನಕ್ಕೆ ಮಾವಶಿಗೆ ಕರೆ ಬಂತು, ನನಗೆ ಬರಲಿಲ್ಲ. ಅಪ್ಪ ಮುಂದೆ ನನಗೆ ವರ ನೋಡುವ ಮಾತೆತ್ತಿದಾಗ ನಾನು ಬೇಡವೆಂದೆ. ಅವರು ಒತ್ತಾಯ ಮಾಡಲಿಲ್ಲ, ಮಾಡುವ ಮುಖವೂ ಇರಲಿಲ್ಲ. ಧಾರವಾಡದಲ್ಲಿ ಟ್ರೇನಿಂಗ್ ಮಾಡಿಸಿದರು. ಖಾನಾಪುರದಲ್ಲೇ ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸ ಸಿಕ್ಕಿತು. ಸಾಯುವ ತನಕ ಅಪ್ಪ ನನ್ನೊಡನೆ ಪ್ರೀತಿಯಿಂದಲೇ ಇದ್ದರು, ಆದರೆ ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಂದು ಮಾತು ಆಡಿದ್ದರೆ ಸಾಕಾಗಿತ್ತು.

ಗೆಳತಿ ಬಹಳ ವರ್ಷಗಳ ಮೇಲೆ ಒಮ್ಮೆ ಬಂದಳು. ಲೋಂಡಾಕ್ಕೆ ಹೋಗುವ ದಾರಿಯಲ್ಲಿ ಇಳಿದೆ ಎಂದಳು. ದಪ್ಪಗಾಗಿದ್ದಳು, ಕೈತುಂಬ ಬಳೆ. ಅವ್ವ ಅವಳಿಗೆ ಉಡಿ ತುಂಬಿದಳು. ನಾನು ಉಪ್ಪಿಟ್ಟು ಮಾಡಿ ಬಡಿಸಿದೆ. ಮಳೆ ತಡವಾದದ್ದರ ಬಗ್ಗೆ, ಶಹಾಪುರದ ನೀರಿನ ತೊಂದರೆಯ ಬಗ್ಗೆ ಮಾತಾಡಿದೆವು. ಏಳುವ ಮೊದಲು ಅವಳು ನನ್ನ ಕೈ ಹಿಡಿದುಕೊಂಡು ಏನೋ ಹೇಳಲು ಹೊರಟಳು. ಗಾಡಿಗೆ ಹೊತ್ತಾಗುತ್ತದೆ ಎಂದು ನಾನು ಕೈ ಬಿಡಿಸಿಕೊಂಡೆ. ಸ್ಟೇಶನ್ನಿನ ತನಕ ಕಳಿಸಿ ಬಾ ಎಂದು ಅವ್ವ ಹೇಳಿದಳು. ನಾನು ಬಾಗಿಲಲ್ಲೇ ನಿಂತೆ, ಆಮೇಲೆ ಒಳಗೆ ಬಂದು ತಾಟುಗಳನ್ನು ತೊಳೆದಿಟ್ಟೆ.