ಶೇಂದ್ರಾದ ಶೆಡ್ಡಿನಲ್ಲಿ ನೀರಾಟ

ನಾಸಿಕದ ತಂಗಿಯ ಮನೆಯಿಂದ ಬೆಳಗ್ಗೆ ಆರೂವರೆಗೆ ಹೊರಟು ಛತ್ರಪತಿ ಸಂಭಾಜಿನಗರದ ಬಸ್ಸು ಹಿಡಿದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಐದು ತಾಸಿನ ದಾರಿ. ನಿಫಾಡದವರೆಗೆ ದ್ರಾಕ್ಷಿ ಚಪ್ಪರಗಳು ಜೊತೆಗೇ ಬಂದವು. ಯೇವಲಾದಲ್ಲಿ ಮೊಳಕೆಕಾಳಿನ ಮಿಸಳ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು.

ನಾನು ಭಾಲ್ಕಿಯಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿದವಳು. ತಂಗಿಯ ಮಗಳು ಸವಿತಾ ಸಂಭಾಜಿನಗರದ ಹೊರಗಿನ ಶೇಂದ್ರಾದಲ್ಲಿ, ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯವರ ಮಕ್ಕಳಿಗೆ ತಗಡಿನ ಶೆಡ್ಡಿನಲ್ಲಿ ಶಿಶುವಿಹಾರ ನಡೆಸುತ್ತಾಳೆ. ಮಕ್ಕಳು ಏನೂ ಕಲಿಯುತ್ತಿಲ್ಲ, ಶೆಡ್ಡು ಸಿಮೆಂಟ್ ಚೀಲಕ್ಕೆ ಬೇಕು ಎಂದು ಕೂಲಿಗಾರರ ಮೇಸ್ತ್ರಿ ಮುಕಾದಮ ಪಟ್ಟು ಹಿಡಿದಿದ್ದ. ನಾನು ತಲುಪುವ ಮರುದಿನ ಬಂದು ನೋಡಿ ತೀರ್ಮಾನಿಸುವವನಿದ್ದ. "ದೊಡ್ಡವ್ವಾ, ನೀವು ಬಂದ್ರ ನನಗ ಧೈರ್ಯರಿ" ಎಂದು ಸವಿತಾ ಫೋನ್ ಮಾಡಿದ್ದಕ್ಕೇ ಈ ಪ್ರಯಾಣ.

ಸಂಭಾಜಿನಗರದಲ್ಲಿ ಇಳಿದು, ಸುಡುವ ಬಿಸಿಲಿನಲ್ಲಿ ಜಾಲನಾ ರಸ್ತೆಯ ಶೇರ್ ಆಟೋ ಹತ್ತಿದೆ. ಶೆಡ್ಡಿನಲ್ಲಿ ಪಾಟಿ ಇಲ್ಲ, ಬಳಪ ಇಲ್ಲ. ಮಕ್ಕಳು ಹುಣಸೆಬೀಜ ಜೋಡಿಸುತ್ತಿದ್ದರು, ಡಬ್ಬಿಯಿಂದ ಡಬ್ಬಿಗೆ ನೀರು ಸುರಿಯುತ್ತಿದ್ದರು. ಬಾಯಿಪಾಠವನ್ನೇ ನಂಬಿದ್ದ ನನಗೆ ಇದು ಪಾಠವೆನಿಸಲಿಲ್ಲ.

"ಒಂದ್ ಪದ್ಯನರ ಕಲಿಸಬೇಕಿತ್ತಲ್ಲ ಸವಿ?"

"ನಾಳಿಗಿ ನೋಡ್ರಿ" ಎಂದು ನಕ್ಕಳು.

ಮರುದಿನ ಮುಕಾದಮ ಬಂದ. ಕಲಬುರಗಿಯವನೇ. ತಾಯಂದಿರೂ ಸೇರಿದರು. ನಾಲ್ಕೂವರೆ ವರ್ಷದ ಲಕ್ಷ್ಮಿಯನ್ನು ಕರೆದು "ಅ, ಆ ಹೇಳವಾ" ಎಂದ. ಹುಡುಗಿ ಬಾಯಿ ಬಿಡಲಿಲ್ಲ. ಅವಳ ತಾಯಿ ಮಹಾದೇವಿ ತಲೆ ತಗ್ಗಿಸಿದಳು.

"ನೋಡಿದ್ರೇನ್ರಿ? ದಿನಾ ಬರೇ ನೀರಾಟ!" ಎಂದ ಮುಕಾದಮ.

ಸವಿತಾ ಎತ್ತರದ ಒಂದು ಡಬ್ಬಿ, ಹಿಟ್ಟು ನಾದುವ ಅಗಲದ ಪರಾತ ತಂದಿಟ್ಟಳು. "ಯಾವುದ್ರಾಗ ನೀರ್ ಹೆಚ್ಚ ಹಿಡೀತದ್ರಿ?"

"ಡಬ್ಬಿ. ಎತ್ತರ ಕಾಣ್ತದಲ್ಲ" ಎಂದ ಅವನು.

ನಾನೂ ಡಬ್ಬಿಯೆಂದೇ ಎಣಿಸಿದ್ದೆ.

"ಇಲ್ರಿ ಮಾಮಾ, ಪರಾತ" ಎಂದಳು ಲಕ್ಷ್ಮಿ.

ಯಾರೂ ಹೇಳದೆ ಲೋಟ ಹಿಡಿದಳು. ಡಬ್ಬಿಗೆ ಒಂದೊಂದು ಲೋಟ ಸುರಿದಂತೆ ಒಂದೊಂದು ಹುಣಸೆಬೀಜ ನೆಲದಲ್ಲಿಟ್ಟಳು. ಡಬ್ಬಿ ತುಂಬಿತು. ಪರಾತಕ್ಕೆ ಇನ್ನೊಂದು ಸಾಲು. ಆಮೇಲೆ ಎರಡೂ ಸಾಲಿನ ಬೀಜಗಳನ್ನು ಒಂದಕ್ಕೊಂದು ಜೋಡಿ ಮಾಡಿದಳು. ಪರಾತದ ಸಾಲಿನಲ್ಲಿ ನಾಲ್ಕು ಬೀಜ ಉಳಿದವು. ಅವನ್ನು ಅಂಗೈಯಲ್ಲಿ ಎತ್ತಿ ಮುಕಾದಮನ ಮುಂದೆ ಹಿಡಿದಳು.

"ಇಷ್ಟ್ ಜಾಸ್ತ್ ಅದ."

ಅವನು ನಂಬಲಿಲ್ಲ. ಕುಕ್ಕರುಗಾಲಲ್ಲಿ ಕೂತು ತಾನೇ ಸುರಿದ. ಮತ್ತೆ ನಾಲ್ಕೇ ಉಳಿದವು! ಶೆಡ್ಡು ಹಾರಿಹೋಗುವಂತೆ ಮಕ್ಕಳು ಕೂಗಿದರು. ಅವನೂ ನಕ್ಕುಬಿಟ್ಟ.

"ಶಾಲಿ ಇಲ್ಲೇ ಇರ್ಲಿ ಸವಿತಾಬಾಯಿ. ಚೀಲಕ್ಕ ಬ್ಯಾರೆ ಜಾಗಾ ನೋಡ್ತೀನಿ."

ಮಹಾದೇವಿ ಒದ್ದೆ ಮಗಳನ್ನು ಎತ್ತಿಕೊಂಡು, "ನನ್ ಮಗಳ್ರೀ ಇಕಿ!" ಎಂದು ಎಲ್ಲರಿಗೂ ತೋರಿಸಿದಳು. ನೀರು ಚೆಲ್ಲಿದ್ದಕ್ಕೆ ನಾನು ಗದರಿಸಿದ್ದ ಮಕ್ಕಳು ಎಷ್ಟೋ. ಅಂದು ಸೋತದ್ದು ನನ್ನ ಬಾಯಿಪಾಠ. ಆದರೂ ಗೆದ್ದವಳ ಹಾಗೆ ಕುಣಿಯುವಷ್ಟು ಖುಷಿ.

ಮರುಬೆಳಗ್ಗೆ ಹೊರಟಾಗ ಆಟೋದಿಂದ ತಿರುಗಿ ನೋಡಿದೆ. ಕೆಲಸಕ್ಕೆ ಹೋಗುವ ಮೊದಲು ಮಹಾದೇವಿ ಶೆಡ್ಡಿನ ಬಾಗಿಲಲ್ಲಿ ಕೂತು ಡಬ್ಬಿಗೆ ನೀರು ಸುರಿಯುತ್ತಿದ್ದಳು. ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಲಕ್ಷ್ಮಿಯ ದನಿ ರಸ್ತೆಯವರೆಗೂ ಕೇಳಿತು: "ಹಂಗಲ್ಲವ್ವಾ, ಲೋಟ ಪೂರಾ ತುಂಬ್ಸು!"