ಮುದಕಪ್ಪ ಸರ್ ಕಲಿಸಿದ ಮೊಲದ ಆಟ

ಮುದಕಪ್ಪ ಸರ್ ಅವರಿಗೆ ಶಾಲೆ ಎಂದರೆ ಮಕ್ಕಳು ಬಾಯಿ ಮುಚ್ಚಿಕೊಂಡು ಕೂರುವ ಜಾಗ, ಇಲ್ಲವೇ ಅವರು ಹೇಳಿದಾಗ ಎಲ್ಲರೂ ಒಟ್ಟಿಗೆ ಬಾಯಿ ತೆರೆಯುವ ಜಾಗ. ಕೆರೂರಿನಿಂದ ದಿನಾ ಬಸ್ಸಿನಲ್ಲಿ ಗುಳೇದಗುಡ್ಡಕ್ಕೆ ಬಂದು ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಕಲಿಸುತ್ತಾರೆ ಎನ್ನುವುದು ನನ್ನ ದೊಡ್ಡ ಮನಸ್ಸು. ಪಕ್ಕದ ಕೋಣೆಯಲ್ಲಿ ಹಿಂದಿ ಹೇಳಿಕೊಡುವ ನನಗೆ ಅವರ ವರ್ಗದ ಗದ್ದಲ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ.

ಕಳೆದ ವರ್ಷ ಶಾಲೆಗೆ ಟ್ಯಾಬ್‌ಗಳು ಬಂದವು. ಅದರಲ್ಲೊಂದು ಆಟ: ಚೌಕಗಳ ಹೊಲದಲ್ಲಿ ಒಂದು ಮೊಲ, ಆಚೆ ಮೂಲೆಯಲ್ಲಿ ಗಜ್ಜರಿ, ನಡುವೆ ಗೋಡೆಗಳು. ಮುಂದೆ, ಎಡಕ್ಕೆ, ಬಲಕ್ಕೆ ಎಂಬ ಬಾಣಗಳನ್ನು ಮಕ್ಕಳು ಯೋಚಿಸಿ ಸಾಲಾಗಿ ಜೋಡಿಸಬೇಕು. ಗುಂಡಿ ಒತ್ತಿದರೆ ಮೊಲ ಹಾಗೇ ನಡೆಯುತ್ತದೆ. ಗೋಡೆಗೆ ಬಡಿದರೆ ಎಲ್ಲಿ ತಪ್ಪಿತೆಂದು ಹುಡುಕಿ ಸರಿಪಡಿಸಬೇಕು. ಕಂಪ್ಯೂಟರಿಗೆ ಕೆಲಸ ಹೇಳುವವರು ಯೋಚಿಸುವುದೂ ಹೀಗೆಯೇ ಅಂತೆ. ಇದನ್ನು ಕಲಿಯಲೆಂದು ಸರ್ ಬಾಗಲಕೋಟೆಗೆ ತರಬೇತಿಗೆ ಹೋದರು. ಊಟಕ್ಕೆ ಹೋಳಿಗೆ ಇತ್ತು ಎಂಬುದೊಂದನ್ನೇ ಕಲಿತು ಬಂದರು.

ಬಂದವರು ಏನು ಮಾಡಿದರು? ಟ್ಯಾಬ್‌ಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ತಿಜೋರಿಯಲ್ಲಿಟ್ಟು ಕೀಲಿ ಹಾಕಿದರು. ವಾರಕ್ಕೊಮ್ಮೆ ಹೊರತೆಗೆದಾಗಲೂ ಮೊದಲ ಹಂತದ ಉತ್ತರವನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದರು. "ಮುಂದ, ಮುಂದ, ಎಡಕ್ಕ, ಮುಂದ!" ಎಂದು ಇಡೀ ಏಳನೇ ವರ್ಗ ಕಿರುಚುತ್ತಿತ್ತು. ಅಯ್ಯೋ ಶಿವನೇ, ಆಟವನ್ನೂ ಮಗ್ಗಿ ಮಾಡಿದ ಮಹಾಪುರುಷ!

ಆದರೂ ಆ ಆಟ ರೋಹಿಣಿಯನ್ನು ಹಿಡಿದುಕೊಂಡಿತು. ಗಣಿತವೆಂದರೆ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತಿದ್ದ ಹುಡುಗಿ, ಆಟದ ದಿನ ಗಂಟೆ ಬಾರಿಸುವ ಮೊದಲೇ ಬರತೊಡಗಿದಳು. ಸರ್ ಚಹಾಕ್ಕೆ ಎದ್ದುಹೋದಾಗ ಮುಂದಿನ ಹಂತಗಳನ್ನು ತಾನೇ ಆಡಿ ನೋಡುತ್ತಿದ್ದಳು. ಅವಳ ತಾಯಿ ಚಂದ್ರವ್ವ ಮನೆಯಲ್ಲಿ ಕುಪ್ಪಸದ ಖಣ ನೇಯುತ್ತಾಳೆ. ಏಳನೆಯದು ಮುಗಿದರೆ ಮಗಳನ್ನೂ ಮಗ್ಗಕ್ಕೆ ಕೂರಿಸುವುದೆಂದು ಹೇಳಿಬಿಟ್ಟಿದ್ದಳು. "ಯವ್ವಾ, ಒಮ್ಮೆ ಸಾಲಿಗೆ ಬಂದು ನಾ ಏನ್ ಮಾಡ್ತೇನಿ ನೋಡು, ಆಮ್ಯಾಲ ನೀ ಹೇಳಿದಂಗ ಆಗಲಿ" ಎಂದು ಮಗಳು ಗೋಗರೆದು, ಪಾಲಕರ ಸಭೆಗೆ ಅವಳನ್ನು ಎಳೆದುತಂದಳು.

ಸಭೆಯಲ್ಲಿ ಸರ್ ಎದೆಯುಬ್ಬಿಸಿ ಆಟ ತೆರೆದರು. ಯಾರ ಕೈ ತಾಗಿತ್ತೋ, ಬಂದದ್ದು ಎರಡನೇ ಹಂತ. ಗೋಡೆಗಳೆಲ್ಲ ಬೇರೆ ಕಡೆ. ಸರ್ ಅದನ್ನು ನೋಡಲೂ ಇಲ್ಲ. ವರ್ಗ ಹಳೆಯದನ್ನೇ ಕಿರುಚಿತು, ಸರ್ ಹಾಗೇ ಬಾಣ ಜೋಡಿಸಿ ಗುಂಡಿ ಒತ್ತಿದರು, ಮೊಲ ಗೋಡೆಗೆ ಬಡಿಯಿತು. ಪಾಲಕರು ನಕ್ಕರು.

ರೋಹಿಣಿ ಎದ್ದು ಬಂದಳು. "ಸರ, ನಾ ಮಾಡ್ತೇನ್ರಿ." ಬಾಣ ಜೋಡಿಸಿದಳು, ಮತ್ತೆ ಗೋಡೆ. ಹುಬ್ಬು ಗಂಟಿಕ್ಕಿ ನೋಡಿ, "ಇಲ್ಲೇ ತಪ್ಪೇತಿ" ಎಂದು ಒಂದು ಬಾಣ ಬದಲಿಸಿದಳು. ಗುಂಡಿ ಒತ್ತುವಷ್ಟರಲ್ಲಿ ಸರ್ ಟ್ಯಾಬ್ ಕಸಿದುಕೊಂಡರು.

"ಮಂದಿ ಮುಂದ ತಪ್ಪ ಮಾಡಿ ನನ್ನ ಮಾನ ಕಳೀತಿಯೇನ? ನಾ ಹೇಳಿಕೊಟ್ಟಷ್ಟ ಹೇಳು! ನಡಿ, ಕುಂಡ್ರು!"

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ಮುಂದೆ ಬಂದೆ. "ಸರ, ತಪ್ಪ ಹುಡುಕೂದ ಆ ಆಟರಿ! ಆಕಿ ಕೈಯಾಗ ಕೊಡ್ರಿ" ಎಂದೆ.

"ನಿಮ್ಮ ಹಿಂದಿ ನೀವ ನೋಡ್ಕೋರಿ ಅಕ್ಕೋರ" ಎಂದು ಟ್ಯಾಬನ್ನು ತಿಜೋರಿಗೆ ಹಾಕಿದರು. ಥೂ, ಇವರಿಗೊಂದು ಮಾನ, ಅದು ಕಳೆಯುವುದು ಬೇರೆ!

ಚಂದ್ರವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಡಿಯವ್ವಾ. ಹೇಳಿದಷ್ಟ ಮಾಡೂದಾದ್ರ ಮನ್ಯಾಗ ನಾನೂ ಹೇಳ್ತೇನಿ."

ಬೇಸಿಗೆ ರಜೆ ಮುಗಿದರೂ ರೋಹಿಣಿ ಎಂಟನೆಯದಕ್ಕೆ ಬರಲಿಲ್ಲ. ನಾನೇ ಮನೆಗೆ ಹೋಗಿ ಕರೆದೆ. ಚಂದ್ರವ್ವ ಚಹಾ ಕೊಟ್ಟಳು, ಮಗಳನ್ನು ಕಳಿಸಲಿಲ್ಲ. ಹುಡುಗಿ ಮಗ್ಗದಿಂದ ತಲೆಯೆತ್ತಲೇ ಇಲ್ಲ.

ಮೊನ್ನೆ ಸರ್ ಆಟದ ತಾಸು ಮುಗಿಸಿ ಬಂದು ನನ್ನೆದುರು ಕುಳಿತರು. ಮುಖದ ತುಂಬ ಸಮಾಧಾನ.

"ಈ ವರ್ಷ ಛಲೋ ಆತ್ರಿ ಅಕ್ಕೋರ. ಎಲ್ಲಾ ಹುಡುಗರೂ ಒಂದ ದನೀಲೆ ಹೇಳ್ತಾವ. ನಡುವ ಯಾರೂ ಎದ್ದು ಬರೂದಿಲ್ಲ."