ಕೇಳಿ ಮಾಡಿದ ಉಪಕಾರ

ಶಾಲೆಯ ಗೇಟಿನ ಎದುರಿಗೇ ಇದ್ದ ಕ್ಷೌರದಂಗಡಿಯವನಿಗೆ ಮಕ್ಕಳು ಇಟ್ಟ ಹೆಸರು ರೇಡಿಯೋ ಅಂಕಲ್. ಕುರ್ಚಿಯಲ್ಲೊಂದು ತಲೆ ಸಿಕ್ಕರೆ ಸಾಕು, ಅವನ ಬಾಯಿ ನಿಲ್ಲುತ್ತಿರಲಿಲ್ಲ. ಆದರೆ ಅಂಗಡಿಯ ಇನ್ನೊಂದು ಅರ್ಧದ ಬಗ್ಗೆ ಅವನು ಎಂದೂ ಮಾತೆತ್ತಿದವನಲ್ಲ. ಹಲಗೆಯ ಅಡ್ಡಗೋಡೆಯ ಆಚೆ ಅವನ ಹೆಂಡತಿ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಅವಳು ಕ್ಯಾನ್ಸರಿನಿಂದ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಆ ಕಡೆಯ ಬಾಗಿಲು ತೆರೆದಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಹನ್ನೊಂದು ಮಕ್ಕಳು ಸಾಲಾಗಿ ಅಂಗಡಿಗೆ ಬಂದರು. ಮುಂದೆ ಇದ್ದವಳು ಹತ್ತನೇ ತರಗತಿಯ ಹುಡುಗಿ. ಸೊಂಟದವರೆಗೆ ಎರಡು ಜಡೆ, ಕಂಕುಳಲ್ಲಿ ಫೈಲು. ಶಾಲೆಯಲ್ಲಿ ಮಕ್ಕಳೇ ಕಟ್ಟಿ ಮಕ್ಕಳೇ ನಡೆಸುತ್ತಿದ್ದ 'ಜೊತೆ' ಎಂಬ ಸಂಘಕ್ಕೆ ಅವಳೇ ಲೀಡರ್.

"ಅಂಕಲ್, ನಮ್ಮೆಲ್ಲರ ತಲೆ ಬೋಳಿಸಬೇಕು. ಮನೆಯವರ ಒಪ್ಪಿಗೆ ಪತ್ರ ತಂದಿದ್ದೀವಿ."

"ಏನಮ್ಮಾ, ಇಡೀ ಶಾಲೆಗೆ ಹೇನು ಬಿದ್ದಿದೆಯಾ?"

ಯಾರೂ ನಗಲಿಲ್ಲ. ಅವರ ಕ್ಲಾಸಿನಲ್ಲಿ ಎಲ್ಲರೂ 'ಗುಬ್ಬಿ' ಎಂದು ಕರೆಯುವ ಹುಡುಗಿಗೆ ಕ್ಯಾನ್ಸರ್ ಅಂತೆ. ಔಷಧಿಗೆ ಕೂದಲು ಉದುರುತ್ತಿದೆಯಂತೆ. ಸೋಮವಾರ ಅವಳು ಶಾಲೆಗೆ ಬರುವಾಗ ಇವರೆಲ್ಲ ಬೋಳುತಲೆಯಲ್ಲಿ ಗೇಟಿನ ಹತ್ತಿರ ನಿಂತಿರಬೇಕು, ಫೋಟೋದವನೂ ಬರುತ್ತಾನೆ.

ಅವನು ಹಿಂದೆಮುಂದೆ ನೋಡಿದ. ಆದರೂ ಒಳ್ಳೆಯ ಕೆಲಸಕ್ಕೆ ಬಂದ ಮಕ್ಕಳ ಮುಂದೆ ಏನು ಹೇಳುವುದು? ಲೀಡರ್ ಮೊದಲು ತಾನೇ ಎಂದು ಕುರ್ಚಿ ಹತ್ತಿ ಕೂತಳು. ಕತ್ತರಿ ಆಡಿತು. ಎಡಗಡೆಯ ಜಡೆ ಅವನ ಅಂಗೈಗೆ ಬಂದು ಬಿತ್ತು. ಕನ್ನಡಿಯಲ್ಲಿ ಅವಳು ತುಟಿ ಕಚ್ಚಿಕೊಂಡದ್ದು ಕಂಡಿತು. ಅವನು ಕತ್ತರಿ ಕೆಳಗಿಟ್ಟುಬಿಟ್ಟ.

"ಗುಬ್ಬಿನ ಕೇಳಿದ್ರಾ?"

"ಇಲ್ಲ ಅಂಕಲ್. ಗೊತ್ತಾಗಬಾರ್ದು ಅಂತಾನೇ..."

ರೇಡಿಯೋ ಅಂಕಲ್ ಕೈಯಲ್ಲಿದ್ದ ಜಡೆಯನ್ನು ಕನ್ನಡಿಯ ಮುಂದಿಟ್ಟ. ಆಮೇಲೆ ಅವನು ಯಾರಿಗೂ ಹೇಳದಿದ್ದ ಮಾತನ್ನು ಆ ಹನ್ನೊಂದು ಮಕ್ಕಳಿಗೆ ಹೇಳಿದ.

"ನನ್ನ ಹೆಂಡತಿಗೂ ಇದೇ ಕಾಯಿಲೆ. ಕೂದಲೆಲ್ಲ ಹೋದಾಗ ಮನೇಲಿದ್ದ ಕನ್ನಡೀನೆಲ್ಲ ತೆಗೆಸಿಬಿಟ್ಟಿದ್ಲು. ಅವಳಿಗೆ ಜೊತೆ ಆಗ್ಲಿ ಅಂತ ಒಂದಿನ ನಾನೂ ತಲೆ ಬೋಳಿಸ್ಕೊಂಡು ಹೋಗಿ ಮುಂದೆ ನಿಂತೆ. ಖುಷಿಪಡ್ತಾಳೆ ಅಂದ್ಕೊಂಡಿದ್ದೆ. ಒಂದ್ಸಲ ನೋಡಿದ್ಲು, ಗೋಡೆ ಕಡೆ ತಿರುಗಿದ್ಲು. 'ಕನ್ನಡಿ ತೆಗೆಸಿದ್ರೆ ನೀವೇ ಕನ್ನಡಿ ಆಗಿ ಬಂದ್ರಾ?' ಅಂದ್ಲು. ನನ್ನ ಕೂದಲು ಬೆಳೆಯೋ ಹೊತ್ತಿಗೆ ಅವಳೇ ಇರಲಿಲ್ಲ."

ಲೀಡರ್ ಹುಡುಗಿಯ ಕಣ್ಣು ತುಂಬಿತ್ತು. ಜೊತೆಗೆ ಸಿಟ್ಟೂ ಇತ್ತು. "ಹಾಗಾದ್ರೆ ನಾವು ಏನೂ ಮಾಡಬಾರ್ದಾ?"

"ಮಾಡಿ ಮಗಳೇ. ಕೇಳ್ಕೊಂಡು ಮಾಡಿ." ಹಾಗೆಂದವನು ತಲೆ ಕೆರೆದುಕೊಂಡ. "ನಾನೂ ಇದನ್ನ ಒಂದು ಜಡೆ ಮುಂಚೆ ಹೇಳಬೇಕಿತ್ತು."

ಆಗ ಹಿಂದಿದ್ದ ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು, ಅವಳೂ ಅಳುತ್ತಲೇ ನಕ್ಕಳು. ಅವನು ಇನ್ನೊಂದು ಜಡೆಯನ್ನೂ ಕತ್ತರಿಸಿ ಕುತ್ತಿಗೆಯವರೆಗೆ ಸಮ ಮಾಡಿಕೊಟ್ಟ. ಉಳಿದ ಹತ್ತು ಮಕ್ಕಳು ತಲೆ ಬೋಳಿಸಿಕೊಳ್ಳದೆ ಹಾಗೆಯೇ ಮನೆಗೆ ಹೋದರು.

ಮರುದಿನ ಸಂಜೆ ಅವಳು ಒಬ್ಬಳೇ ಬಂದಳು. ಗುಬ್ಬಿಯ ಮನೆಗೆ ಹೋಗಿ ಕೇಳಿದ್ದಳು.

"ಬೋಳುತಲೆ ಬೇಡ್ವೇ ಬೇಡ ಅಂದ್ಲು. ಎಲ್ಲರೂ ತನ್ನನ್ನೇ ನೋಡ್ತಾರಂತೆ. ಅವಳ ಕಷ್ಟವೇ ಬೇರೆ ಅಂಕಲ್. ನಮ್ಮ ಕ್ಲಾಸು ಮೂರನೇ ಮಹಡೀಲಿದೆ, ಮೆಟ್ಟಿಲು ಹತ್ತೋಕಾಗಲ್ಲ. ಅದಕ್ಕೇ ಶಾಲೆ ಬಿಡೋಣ ಅಂತಿದ್ದಾಳೆ."

ಇಷ್ಟು ಸಣ್ಣ ವಿಷಯ ಯಾರಿಗೂ ಹೊಳೆದಿರಲಿಲ್ಲ. ಸಂಘದವರು ಮುಖ್ಯೋಪಾಧ್ಯಾಯರ ಕೋಣೆಗೆ ಮೂರು ಸಲ ಎಡತಾಕಿದರು. ಕೆಳಗಿದ್ದ ಐದನೇ ತರಗತಿಯ ಮಕ್ಕಳನ್ನು ಮೇಲೆ ಹೋಗಲು ಒಪ್ಪಿಸಿದವರೂ ಅವರೇ. ಮುಂದಿನ ಶನಿವಾರ ಡೆಸ್ಕು, ಬೆಂಚುಗಳನ್ನೆಲ್ಲ ತಾವೇ ಹೊತ್ತು ಕೆಳಗಿಳಿಸಿದರು. ಕ್ಷೌರಿಕ ಅಂಗಡಿ ಮುಚ್ಚಿ ಹೋಗಿ ಭಾರದ ಬೀರುವಿಗೆ ಹೆಗಲು ಕೊಟ್ಟ. ಫೋಟೋದವನನ್ನು ಯಾರೂ ಕರೆಯಲಿಲ್ಲ.

ಕೆಲವು ದಿನ ಬಿಟ್ಟು ಗುಬ್ಬಿ ಅಮ್ಮನ ಜೊತೆ ಅಂಗಡಿಗೆ ಬಂದಳು. ತಲೆಯ ಮೇಲೆ ಅಲ್ಲಲ್ಲಿ ಉಳಿದಿದ್ದ ಕೂದಲನ್ನು ತೆಗೆಸಬೇಕಿತ್ತು. ಗಂಡಸರ ನಡುವೆ ಅವಳನ್ನು ಕೂರಿಸಲು ಅವನಿಗೆ ಮನಸ್ಸು ಬರಲಿಲ್ಲ. ಬೀಗದ ಕೈ ಹುಡುಕಿ, ಹೆಂಡತಿಯ ಕಡೆಯ ಬಾಗಿಲು ತೆರೆದು, ಧೂಳು ಒರೆಸಿದ.

"ಕುರ್ಚಿ ಕನ್ನಡಿ ಕಡೆ ಇರ್ಲಾ, ಗೋಡೆ ಕಡೆ ತಿರುಗಿಸ್ಲಾ?"

"ಗೋಡೆ ಕಡೆ ಅಂಕಲ್. ನೀವು ಮಾತಾಡ್ತಾ ಇರಿ, ಸುಮ್ಮನಿದ್ರೆ ಭಯ ಆಗುತ್ತೆ."

ಅವನು ಮಾತಾಡಿದ. ಕೂದಲು ತೆಗೆಯುತ್ತಲೇ ಊರ ಸುದ್ದಿಯನ್ನೆಲ್ಲ ಹೇಳಿದ. ಅವರು ಹೊರಟ ಮೇಲೆ ಆ ಕುರ್ಚಿಯಲ್ಲೇ ಕೂತು, ನಾಲ್ಕು ವರ್ಷದಿಂದ ಅಳದಿದ್ದದ್ದನ್ನು ಅತ್ತ.

ಗುಬ್ಬಿ ಏಳು ತಿಂಗಳು ಶಾಲೆಗೆ ಬಂದಳು, ತಪ್ಪಿದ ದಿನಗಳ ಪಾಠವನ್ನು ಸಂಘದವರು ಸರದಿಯಲ್ಲಿ ಬರೆದುಕೊಟ್ಟರು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಅವಳು ತೀರಿಕೊಂಡಳು.

ಸುದ್ದಿ ಕೇಳಿ ಕ್ಷೌರಿಕ ಹೋಗುವ ಹೊತ್ತಿಗೆ ಸಮವಸ್ತ್ರದ ಮಕ್ಕಳು ಅವಳ ಮನೆಯ ಮುಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಏನು ಮಾಡಬೇಕೆಂದು ಯಾರಿಗೂ ತೋಚಿರಲಿಲ್ಲ. ಬಾಗಿಲಲ್ಲಿ ಗುಬ್ಬಿಯ ಅಮ್ಮ ಕಾಣಿಸಿದಾಗ ಲೀಡರ್ ಹತ್ತಿರ ಹೋದಳು.

"ಆಂಟಿ, ನಾವು ಇರಬೇಕಾ, ಹೋಗಬೇಕಾ?"

ಆ ತಾಯಿ ಅವಳ ಮುಖವನ್ನೇ ನೋಡಿದಳು. ಬೆಳಗಿನಿಂದ ಬಂದುಹೋದವರೆಲ್ಲ ಏನೇನೋ ಹೇಳಿದ್ದರು, ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ.

"ಇರಿ," ಎಂದಳು. "ಸ್ವಲ್ಪ ಹೊತ್ತು ಇಲ್ಲೇ ಇರಿ."

ಮಕ್ಕಳು ಜಗಲಿಯ ಮೇಲೆ ಒತ್ತೊತ್ತಾಗಿ ಕೂತರು. ಕ್ಷೌರಿಕನೂ ಚಪ್ಪಲಿ ಬಿಟ್ಟು, ಅವರ ಕೊನೆಯಲ್ಲಿ ಜಾಗ ಮಾಡಿಕೊಂಡು, ಏನೂ ಮಾತಾಡದೆ ಕೂತ.